ಸಂಗೊಳ್ಳಿಯ ಶೇತಸನದಿಯೂ ಆರಕ್ಷಕರ ಶಿಕ್ಷಣವೂ

ಮುಂಬಯಿ ಇಲಾಖೆಯ ಆರಕ್ಷಕರಿಗೆ ಕ್ರಮಬದ್ಧವಾದ ಶಿಕ್ಷಣವು 1906ನೆಯ ಇಸವಿಯಲ್ಲಿ ಪುಣೆಯ ಭಾಂಬುರ್ಡೆಯಲ್ಲಿ ಸ್ಥಾಪಿತವಾದ ಪೋಲೀಸ ಶಾಲೆಯಿಂದ ಮೊದಲಾಯಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಬೆಳಗಾವಿ ಜಿಲ್ಲೆಯು ಆಗ ಆ ಇಲಾಖೆಗೆ ಸೇರಿದ್ದುದರಿಂದ ಕಿತ್ತೂರು, ಬೈಲಹೊಂಗಲ, ಸವದತ್ತಿಗಳ ಸುತ್ತಿನ ಸೀಮೆಗೂ ಈ ಮಾತು ಅನ್ವಯಿಸುವುದೆಂದು ತಿಳಿಯುವುದು ಸ್ವಾಭಾವಿಕವೇ ಸರಿ. ಕಟ್ಟಡ, ಗುರು, ಪುಸ್ತಕ, ಪರೀಕ್ಷೆ ಇವು ನಾಲ್ಕೂ ಕೂಡಿದರೆ ಮಾತ್ರ ಶಿಕ್ಷಣವೆನ್ನಬೇಕು ಎಂಬುದಾದರೆ ಈ ಅಭಿಪ್ರಾಯದಲ್ಲಿ ದೋಷವಿಲ್ಲ. ಆದರೆ ಹಾಗೆಂದರೆ, ಅದಕ್ಕೆ ಮುಂಚೆ ಸಾವಿರ ವರ್ಷಗಳ ಕಾಲ ಊರನ್ನು ಕಾಯ್ದವರು ಏನನ್ನೂ ಕಲಿಯದೆಯೇ ಕಾಯ್ದರೆಂದು ಒಪ್ಪಬೇಕಾಗುತ್ತದೆ. ಮಲಪ್ರಭೆಯ ದಡದಲ್ಲಿರುವ ಸಂಗೊಳ್ಳಿ ಎಂಬ ಗ್ರಾಮದ ಇತಿಹಾಸವು ಇದಕ್ಕೆ ಸಮ್ಮತಿಸುವುದಿಲ್ಲ. ಆ ಊರಿನ ಒಬ್ಬ ಗ್ರಾಮರಕ್ಷಕನು ತಾನು ಕಲಿತುದನ್ನು ಎಷ್ಟು ಚೆನ್ನಾಗಿ ಕಲಿತಿದ್ದನೆಂಬುದನ್ನು 1830ರಲ್ಲಿ ಒಂದು ಸಾಮ್ರಾಜ್ಯವೇ ಅನುಭವದಿಂದ ತಿಳಿಯಬೇಕಾಯಿತು.

ಮೊದಲು ಹೆಸರುಗಳ ವಿಚಾರ. ಈ ಸೀಮೆಯಲ್ಲಿ ಊರ ಕಾವಲಿನವರಿಗೆ ಇದ್ದ ಹೆಸರುಗಳಲ್ಲಿ ತಳವಾರ, ವಾಲೀಕಾರ, ಶೇತಸನದಿ ಎಂಬವು ಮುಖ್ಯವಾದವು. ಇವುಗಳಲ್ಲಿ ತಳವಾರ ಶಬ್ದವು ಅತ್ಯಂತ ಪ್ರಾಚೀನವಾದುದು. ಕ್ರಿಸ್ತಶಕ ಮೂರನೆಯ ಶತಮಾನದ ಇಕ್ಷ್ವಾಕು ಅರಸರ ನಾಗಾರ್ಜುನಕೊಂಡದ ಪ್ರಾಕೃತ ಶಾಸನಗಳಲ್ಲಿ 'ಮಹಾತಲವರ' ಎಂಬುದು ರಾಜಬಂಧುಗಳಿಗೆ ಸಲ್ಲುವ ದೊಡ್ಡ ಪದವಿಯಾಗಿದೆ. ಜೈನಾಗಮಗಳಲ್ಲಿಯೂ 'ತಲವರ' ಶಬ್ದವು ಅರಸನ ಸಭೆಯ ಗಣ್ಯರ ಸಾಲಿನಲ್ಲಿ ಬರುತ್ತದೆ. ಹಳಗನ್ನಡದಲ್ಲಿ 'ತಳಾಱ'ನೆಂದರೆ ನಗರರಕ್ಷಕ. ಅರಸನ ಸಭೆಯಲ್ಲಿ ಕುಳಿತಿದ್ದವನು ಕಾಲಕ್ರಮದಲ್ಲಿ ನಗರದ ಬೀದಿಗೆ ಇಳಿದು, ಕೊನೆಗೆ ಹಳ್ಳಿಯ ಚಾವಡಿಯ ಬಾಗಿಲಲ್ಲಿ ಬಂದು ನಿಂತನು. ಮನುಷ್ಯರಿಗಿರುವಂತೆ ಶಬ್ದಗಳಿಗೂ ಭಾಗ್ಯಕ್ಷಯವುಂಟು. ವಾಲೀಕಾರನೆಂಬುದು ಓಲೆಕಾರ ಶಬ್ದದ ರೂಪಾಂತರವೆಂದು ಹೇಳಬಹುದಾಗಿದೆ. ದೂರದ ಕಚೇರಿಯಿಂದ ಓಲೆಯ ಮೂಲಕ ಬಂದ ಅಪ್ಪಣೆಯನ್ನು ಊರಿಗೆ ಮುಟ್ಟಿಸುವವನು ಅವನು. ಆ ದೂರದ ಅಪ್ಪಣೆಯ ಕಥೆ ಮುಂದೆ ಬರಲಿದೆ.

ಶೇತಸನದಿ ಎಂಬುದು ಎರಡು ದೇಶಗಳ ಶಬ್ದಗಳು ಕೂಡಿ ಆದ ಸಮಾಸ. ಸಂಸ್ಕೃತದ 'ಕ್ಷೇತ್ರ'ವು ಪ್ರಾಕೃತದ ದಾರಿಯಿಂದ ಬಂದು ಮರಾಠಿಯಲ್ಲಿ 'ಶೇತ' ಎಂದಾಯಿತು. ಹೊಲ ಎಂದು ಅರ್ಥ. 'ಸನದು' ಅರಬ್ಬಿ ಶಬ್ದ, ಅದರ ಮೂಲಾರ್ಥವು ಆಧಾರ, ಒರಗುವ ಆಸರೆ ಎಂದು, ರೂಢಿಯಲ್ಲಿ ಅಧಿಕಾರಪತ್ರ. ಆದುದರಿಂದ ಸನದಿನ ಮೇಲೆ ಹೊಲವನ್ನು ಅನುಭವಿಸುತ್ತ, ಅದಕ್ಕೆ ಬದಲಾಗಿ ಊರ ಮತ್ತು ಕೋಟೆಯ ರಕ್ಷಣೆಯನ್ನು ಮಾಡುವವನು ಶೇತಸನದಿ. ಶಬ್ದವು ಹೊಸದಾದರೂ ಪದ್ಧತಿಯು ಹಳೆಯದು. ತುರುಗಾಳಗದಲ್ಲಿ, ಊರಳಿವಿನಲ್ಲಿ ಹೋರಾಡಿ ಮಡಿದವನ ಮನೆಯವರಿಗೆ ಭೂಮಿಯನ್ನು ಕೊಡುತ್ತಿದ್ದುದನ್ನು ಕನ್ನಡ ನಾಡಿನ ವೀರಗಲ್ಲುಗಳು ಸಾರುತ್ತವೆ; ಕಲ್ನಾಡು, ನೆತ್ತರುಗೊಡಗೆ ಎಂಬ ಹೆಸರುಗಳು ಅದನ್ನೇ ಹೇಳುತ್ತವೆ. ಭೂಮಿ ಮತ್ತು ರಕ್ಷಣೆ ಇವೆರಡರ ಗಂಟು ಈ ನಾಡಿನಲ್ಲಿ ಸನದುಗಳ ಕಾಲಕ್ಕಿಂತ ಎಷ್ಟೋ ಪೂರ್ವದಲ್ಲಿ ಬಿಗಿದುದಾಗಿದೆ.

ಈ ಗಂಟಿನೊಳಗೆ ಶಿಕ್ಷಣವೆಲ್ಲಿದೆ ಎಂದು ಕೇಳಬಹುದು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಇದಕ್ಕೆ ಉತ್ತರದ ಒಂದು ಎಳೆ ಸಿಗುತ್ತದೆ. ಕೊಲೆಯಾಗಲಿ ಕಳವಾಗಲಿ ನಡೆದಾಗ ಅಪರಾಧಿಯ ಹೆಜ್ಜೆಯು ಊರಿನಿಂದ ಹೊರಗೆ ಹೋದುದು ಕಾಣದಿದ್ದರೆ ದೋಷವು ಗ್ರಾಮಾಧಿಪತಿಯ ಮೇಲೆ. ದಾರಿಯಲ್ಲಾದರೆ ಕಳ್ಳರನ್ನು ಹಿಡಿಯಲು ನೇಮಿಸಲ್ಪಟ್ಟ ಚೋರೋದ್ಧರ್ತೃವಿನ ಮೇಲೆ. ಹೆಜ್ಜೆಯು ಯಾವ ಗ್ರಾಮದ ಸೀಮೆಯನ್ನು ಹೊಕ್ಕಿತೋ ಆ ಗ್ರಾಮವು ನಷ್ಟವನ್ನು ತುಂಬಿಕೊಡತಕ್ಕದ್ದು. ಸೀಮೆಗಳ ನಡುವೆ ಕ್ರೋಶಕ್ಕಿಂತ ದೂರದಲ್ಲಾದರೆ ಐದು ಇಲ್ಲವೆ ಹತ್ತು ಗ್ರಾಮಗಳು ಕೂಡಿ ಕೊಡತಕ್ಕದ್ದು. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ವಿಜ್ಞಾನೇಶ್ವರನು ಬರೆದುದು ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಎಂಬುದು ಪ್ರಸಿದ್ಧವಾಗಿದೆ. ಸವದತ್ತಿಯ ರಟ್ಟರು ಆಗ ಅದೇ ಚಾಳುಕ್ಯರ ಮಾಂಡಲಿಕರಾಗಿ ಈ ಸೀಮೆಯನ್ನು ಆಳುತ್ತಿದ್ದರು. ಇಂತಹ ವಿಧಿಯು ನಡೆಯಬೇಕಾದರೆ ಪ್ರತಿಯೊಂದು ಊರಲ್ಲಿಯೂ ಹೆಜ್ಜೆಯನ್ನು ಓದಬಲ್ಲವನು, ಸೀಮೆಯ ಕಲ್ಲುಗಳನ್ನು ಬಲ್ಲವನು, ಹೆಜ್ಜೆಯು ನೆರೆಯ ಊರಿನ ಗಡಿಯನ್ನು ದಾಟಿತೆಂದು ಅಲ್ಲಿಯವರ ಎದುರಿಗೆ ಸಿದ್ಧಪಡಿಸಬಲ್ಲವನು ಒಬ್ಬನಾದರೂ ಇರಲೇಬೇಕು. ಹೆಜ್ಜೆಯನ್ನು ಓದುವುದೂ ಒಂದು ಓದು. ತಪ್ಪಿ ಓದಿದರೆ ಇಡೀ ಊರು ದಂಡ ತೆರಬೇಕಾಗಿದ್ದಿತು. ಯಾವ ಶಾಲೆಯ ಪರೀಕ್ಷೆಯಲ್ಲಿಯೂ ಇಷ್ಟು ಕಠಿನವಾದ ಪಣವಿರಲಾರದು.

ಆರಕ್ಷಕವಿದ್ಯೆಯು ಗುರುಮುಖದಿಂದ ಕಲಿಯುವ ವಿದ್ಯೆಯಾಗಿತ್ತೆಂಬ ಭಾವನೆಯು ಕನ್ನಡದ ಅತಿಪ್ರಾಚೀನ ಗದ್ಯಗ್ರಂಥದಲ್ಲಿಯೇ ಕಾಣಸಿಗುವುದು ವಿಶೇಷವಾಗಿದೆ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನೆಂಬ ರಿಸಿಯ ಕಥೆಯೂ ಒಂದು. ಅದರಲ್ಲಿ ಒಬ್ಬ ರಾಜಪುತ್ರನೂ ತಳಾಱನ ಮಗನೂ ಬಾಲ್ಯದ ಗೆಳೆಯರು, ಕೂಡಿ ಓದಿದವರು. ರಾಜಪುತ್ರನಾದ ವಿದ್ಯುಚ್ಚೋರನು ಕಳವಿನ ಶಾಸ್ತ್ರವನ್ನು ಕಲಿಯುತ್ತಾನೆ. ತಳಾಱನ ಮಗನಾದ ಯಮದಂಡನು ತನ್ನ ಕುಲವೃತ್ತಿಯಾದ ತಳಾಱರ ಶಾಸ್ತ್ರವನ್ನು ಕಲಿಯುತ್ತಾನೆ. ನೀನು ಕಾಯುವ ಊರಲ್ಲಿ ಕದಿಯುವೆನೆಂದು ಒಬ್ಬನ ಪ್ರತಿಜ್ಞೆ. ಮುಂದೆ ಯಮದಂಡನು ಮಿಥಿಳೆಯಲ್ಲಿ ತಳಾಱನಾಗಿರುವಾಗ ವಿದ್ಯುಚ್ಚೋರನು ಹಗಲು ಕುಷ್ಠರೋಗಿಯ ವೇಷದಿಂದ ಹಾಳು ದೇಗುಲದಲ್ಲಿ ಬಿದ್ದುಕೊಂಡಿದ್ದು ರಾತ್ರಿಯಲ್ಲಿ ಕದಿಯುತ್ತ, ಕೊನೆಗೆ ಅರಸನ ಹಾರವನ್ನೇ ಅಪಹರಿಸುತ್ತಾನೆ. ಅರಸನು ಕೊಟ್ಟ ಗಡುವು ಮುಗಿಯುವುದರೊಳಗೆ ಯಮದಂಡನು ಅವನನ್ನು ಗುರುತಿಸಿ ಹಿಡಿದು ತರುತ್ತಾನೆ. ಗುರುತಿಸಿದ್ದು ಸರಿ, ಆದರೆ ಸಿದ್ಧಪಡಿಸಲಾಗುವುದಿಲ್ಲ. ನಾನಾ ವಿಧವಾದ ದಂಡನೆಗಳಿಗೆ ಒಳಪಡಿಸಿದರೂ ಕಳ್ಳನು ಬಾಯಿ ಬಿಡುವುದಿಲ್ಲ. ಅಭಯವಿತ್ತ ಮೇಲೆ ತಾನಾಗಿಯೇ ಎಲ್ಲವನ್ನೂ ಹೇಳುತ್ತಾನೆ.

ಈ ಕಥೆಯನ್ನು ಧರ್ಮದೃಷ್ಟಿಯಿಂದ ಓದುವುದು ವಾಡಿಕೆ. ಕರ್ತೃವಿನ ಉದ್ದೇಶವೂ ಅದೇ. ಆದರೂ ಆರಕ್ಷಕವಿದ್ಯೆಯ ಇತಿಹಾಸಕ್ಕೆ ಇದರಿಂದ ಎರಡು ಸಂಗತಿಗಳು ಲಭಿಸುತ್ತವೆ. ಕಳ್ಳನ ವಿದ್ಯೆಯೂ ಕಾವಲುಗಾರನ ವಿದ್ಯೆಯೂ ಜೊತೆಜೊತೆಯಾಗಿ ಬೆಳೆಯುವವೆಂಬುದು ಒಂದು. ಬಲಪ್ರಯೋಗದಿಂದ ಸತ್ಯವು ಹೊರಬೀಳದೆಂಬುದು ಮತ್ತೊಂದು. ಪೋಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಪುರಾವೆಯಾಗಿ ಹಿಡಿಯಲಾಗದೆಂದು 1872ರ ಸಾಕ್ಷ್ಯದ ಕಾಯಿದೆಯು ವಿಧಿಸಿತು. ಅದರ ಸ್ಥಾನದಲ್ಲಿ ಬಂದ 2023ರ ಭಾರತೀಯ ಸಾಕ್ಷ್ಯ ಅಧಿನಿಯಮವು 23ನೆಯ ಕಲಮಿನಲ್ಲಿ ಅದನ್ನೇ ಉಳಿಸಿಕೊಂಡಿದೆ. ಯಮದಂಡನು ಹತ್ತನೆಯ ಶತಮಾನದಲ್ಲಿ ಕಲಿತ ಪಾಠವನ್ನು ಇಂದಿನ ಶಿಕ್ಷಣಶಾಲೆಗಳು ಇನ್ನೂ ಹೇಳಿಕೊಡುತ್ತಿವೆ ಎನ್ನಬೇಕು. ಸಂಸ್ಕೃತದಲ್ಲಿ ಮೃಚ್ಛಕಟಿಕದ ಆರನೆಯ ಅಂಕದಲ್ಲಿಯೂ ವೀರಕ, ಚಂದನಕರೆಂಬ ಇಬ್ಬರು ರಕ್ಷಕರು ಬರುತ್ತಾರೆ. ಅವರಲ್ಲಿ ದಾಕ್ಷಿಣಾತ್ಯನಾದ ಚಂದನಕನು ಬಂಡಿಯ ತಪಾಸಣೆಯನ್ನು ಮರೆಸುವುದಕ್ಕಾಗಿ ಕರ್ಣಾಟರ ರೀತಿಯ ಜಗಳವನ್ನು ಹೂಡುತ್ತಾನೆ. ಕನ್ನಡಿಗರ ಜಗಳವು ಉಜ್ಜಯಿನಿಯವರೆಗೆ ಕೀರ್ತಿ ಪಡೆದಿದ್ದಿತೆಂದು ಸಂತೋಷಪಡಬೇಕೋ ಬೇಡವೋ, ಅದು ಓದುಗರಿಗೆ ಬಿಟ್ಟದ್ದು.

ಇನ್ನು ಸಂಗೊಳ್ಳಿಗೆ ಬರೋಣ. ಕಿತ್ತೂರಿನ ದೇಸಗತಿಯ ಕಾಲದಲ್ಲಿ ಈ ಸೀಮೆಯ ಶೇತಸನದಿಗಳು ಊರಲ್ಲಿಯೇ ಇದ್ದು ಒಕ್ಕಲುತನ ಮಾಡುತ್ತ, ಕರೆ ಬಂದಾಗ ಆಯುಧ ಹಿಡಿದು ಹೊರಡುವವರಾಗಿದ್ದರು. ಇವರಿಗೆ ಪ್ರತ್ಯೇಕವಾದ ದಂಡಿನ ಪಾಳೆಯವಿರಲಿಲ್ಲ. ಇವರ ಶಾಲೆಯು ಗರಡಿಮನೆ. ಸಂಗೊಳ್ಳಿಯಲ್ಲಿ ರಾಯಣ್ಣನ ಗರಡಿಮನೆಯೆಂದು ಜನರು ಇಂದಿಗೂ ತೋರಿಸುತ್ತಾರೆ. ಗರಡಿಯ ಕೆಮ್ಮಣ್ಣಿನಲ್ಲಿ ವಸ್ತಾದನ ಕೈಕೆಳಗೆ ಸಾಮು ಮಾಡುವುದು, ಸಂಗ್ರಾಣಿ ಕಲ್ಲನ್ನು ಎತ್ತುವುದು, ಕೋಲು ತಿರುಗಿಸುವುದು, ಕತ್ತಿವರಸೆ ಇವೆಲ್ಲ ಹುಡುಗತನದಲ್ಲಿ ಮೊದಲಾಗಿ ಮೈಯಲ್ಲಿ ಕಸುವಿರುವವರೆಗೂ ನಡೆಯುವಂಥವು. ಗರಡಿಯಲ್ಲಿ ತೇರ್ಗಡೆಯೆಂಬುದಿಲ್ಲ, ಇಂದು ನಿಂತರೆ ನಾಳೆ ಬೀಳಬೇಕಾಗುತ್ತದೆ. 'ಮಾನಸೋಲ್ಲಾಸ'ದ ಮಲ್ಲವಿನೋದ ಪ್ರಕರಣದಲ್ಲಿ ಮೂರನೆಯ ಸೋಮೇಶ್ವರನು ಮಲ್ಲರ ಆಹಾರವನ್ನೂ ನಿತ್ಯಾಭ್ಯಾಸವನ್ನೂ ವಿವರಿಸುವುದನ್ನು ನೋಡಿದರೆ ಹನ್ನೆರಡನೆಯ ಶತಮಾನದಲ್ಲಿಯೇ ಅಭ್ಯಾಸದ ಈ ನಿರಂತರತೆಯು ಶಾಸ್ತ್ರದ ಮಟ್ಟಕ್ಕೆ ಏರಿದ್ದಿತೆಂದು ತಿಳಿದುಬರುತ್ತದೆ.

ಆದರೆ ಗರಡಿಯಲ್ಲಿ ದೊರೆಯುತ್ತಿದ್ದುದು ಮೈಯ ಶಿಕ್ಷಣ ಮಾತ್ರ. ಉಳಿದುದನ್ನು ಊರು ಕಲಿಸುತ್ತಿದ್ದಿತು. ಮಲಪ್ರಭೆಯನ್ನು ಮಳೆಗಾಲದಲ್ಲಿ ಎಲ್ಲಿ ದಾಟಬಹುದು, ಯಾವ ಹಳ್ಳದ ಒಡಲಲ್ಲಿ ನೂರು ಜನರು ಅಡಗಬಹುದು, ಸಂತೆಯ ದಿನ ಯಾವ ದಾರಿಯಿಂದ ಹಣ ಹೋಗುತ್ತದೆ, ಯಾವ ಊರಿನ ಗೌಡನಿಗೂ ಯಾವ ಊರಿನ ಕುಲಕರ್ಣಿಗೂ ಹೊಂದಿಕೆಯಿಲ್ಲ ಎಂಬಂಥ ಸಂಗತಿಗಳನ್ನು ಯಾವನೂ ಒಂದು ವರ್ಷದಲ್ಲಿ ಕಲಿಯಲಾರನು. ತಂದೆಯ ಬೆನ್ನ ಹಿಂದೆ ನಡೆದು ಕಲಿಯತಕ್ಕ ವಿದ್ಯೆಯಿದು. ಭೂಮಿಯು ವಂಶಪರಂಪರೆಯಾಗಿ ಬರುತ್ತಿದ್ದುದರಿಂದ ವಿದ್ಯೆಯೂ ವಂಶಪರಂಪರೆಯಾಗಿ ಬಂದಿತು. ಹೊಲವು ಕೇವಲ ಸಂಬಳವಾಗಿರಲಿಲ್ಲ. ಅದು ಪಾಠದ ಸ್ಥಳವೂ ಆಗಿದ್ದಿತು. ತನ್ನ ಹೊಲದ ಬದುವನ್ನು ಕಾಯುವವನಿಗೆ ಊರ ಗಡಿಯನ್ನು ಕಾಯುವುದನ್ನು ಬೇರೆಯಾಗಿ ಹೇಳಿಕೊಡಬೇಕಾಗಿರಲಿಲ್ಲ. ಈ ಪದ್ಧತಿಯಲ್ಲಿ ದೋಷಗಳಿದ್ದವು. ಜಾತಿಯ ಕಟ್ಟಿನಿಂದ ಹೊರಗಿದ್ದವನಿಗೆ ಇದರಲ್ಲಿ ಪ್ರವೇಶವಿರಲಿಲ್ಲ. ಊರಿನ ಬಲಿಷ್ಠರ ವಿರುದ್ಧ ಬಡವನ ದೂರನ್ನು ಶೇತಸನದಿಯು ಎಷ್ಟರಮಟ್ಟಿಗೆ ಕೇಳುತ್ತಿದ್ದನೆಂಬುದೂ ಸಂದೇಹಾಸ್ಪದವೇ. ಇದನ್ನು ಸುವರ್ಣಯುಗವೆಂದು ಹೊಗಳುವುದು ಇತಿಹಾಸಕಾರನ ಕೆಲಸವಲ್ಲ. ಆದರೆ ಇದು ಶಿಕ್ಷಣವಾಗಿತ್ತು; ಅದೂ ನಡುವೆ ನಿಲ್ಲದ ಶಿಕ್ಷಣ.

1818ರಲ್ಲಿ ಪೇಶವೆಯರ ಆಳ್ವಿಕೆಯು ಮುಗಿದು ಈ ನಾಡು ಕಂಪನಿಯ ಸರಕಾರಕ್ಕೆ ಸೇರಿದಾಗ ಕಿತ್ತೂರು ದೇಸಗತಿಯು ಇನ್ನೂ ಉಳಿದಿತ್ತು. 1824ರ ಸಪ್ಟೆಂಬರದಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಳ್ಳಲು, ದತ್ತಕವನ್ನು ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಮಾನ್ಯಮಾಡದೆ ಹೋದುದೂ, ಅದೇ ವರ್ಷದ ಅಕ್ಟೋಬರ 23ರಂದು ಕಿತ್ತೂರ ಕೋಟೆಯ ಮುಂದೆ ಅವನು ಮಡಿದುದೂ, ಡಿಸೆಂಬರದಲ್ಲಿ ಕೋಟೆಯು ಬಿದ್ದು ರಾಣಿ ಚೆನ್ನಮ್ಮನು ಬೈಲಹೊಂಗಲದಲ್ಲಿ ಬಂಧನಕ್ಕೊಳಗಾಗಿ 1829ರಲ್ಲಿ ಅಲ್ಲಿಯೇ ದೇಹವಿಟ್ಟುದೂ ಓದುಗರಿಗೆ ತಿಳಿದ ವಿಷಯಗಳು, ವಿಸ್ತರಿಸಬೇಕಾಗಿಲ್ಲ. ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು ಆ ಮೇಲಿನ ವ್ಯವಸ್ಥೆ. ಹೊಸ ಸರಕಾರಕ್ಕೆ ಕೋಟೆ ಕಾಯುವ ಶೇತಸನದಿ ಬೇಕಾಗಿರಲಿಲ್ಲ. ಅದಕ್ಕೆ ತನ್ನದೇ ಆದ ಸಂಬಳದ ದಂಡು ಇತ್ತು. ಬೇಕಾದುದು ವಸೂಲಿಗೆ ಓಡಾಡುವ ಆಳು, ಕಚೇರಿಯ ಪಹರೆ, ಊರಿನ ಪೋಲೀಸ ಕೆಲಸ. ಹೀಗೆ ಕತ್ತಿಯವನು ಕಾಗದದವನಾದನು. ಜೊತೆಗೆ ಇನಾಮು ಭೂಮಿಗಳ ತನಿಖೆಯೂ ಅವುಗಳ ಮೇಲೆ ಕರವೂ ಬಂದವು.

ಸಂಗೊಳ್ಳಿಯ ರಾಯಣ್ಣನು ಇಂಥ ಶೇತಸನದಿ. ಅವನ ಭೂಮಿಯ ಬಹುಭಾಗವನ್ನು ಸರಕಾರವು ಕಸಿದುಕೊಂಡು ಉಳಿದುದರ ಮೇಲೆ ಭಾರಿ ಕರವನ್ನು ಹೇರಿತು. ಸನದು ಎಂದರೆ ಆಸರೆಯೆಂದು ಮೇಲೆ ಹೇಳಿದೆಯಷ್ಟೆ. ಆಸರೆಯನ್ನು ತೆಗೆದುಕೊಂಡರು, ವಿದ್ಯೆಯನ್ನು ತೆಗೆದುಕೊಳ್ಳುವುದು ಸಾಧ್ಯವಿರಲಿಲ್ಲ. 1829ರ ಕೊನೆಯಿಂದ 1830ರ ಏಪ್ರಿಲದವರೆಗೆ ನಡೆದ ಬಂಡಾಯವನ್ನು ಈ ದೃಷ್ಟಿಯಿಂದ ನೋಡಿದರೆ ಅದರ ವಿಶಿಷ್ಟತೆಯು ಹೊಳೆಯುತ್ತದೆ. ರಾಯಣ್ಣನ ಗುಂಪು ಸಿಕ್ಕಸಿಕ್ಕ ಕಡೆಗೆ ದಾಳಿಯಿಡಲಿಲ್ಲ; ಸರಕಾರಿ ಕಚೇರಿಗಳ ಮೇಲೆ, ಅಲ್ಲಿಯ ದಫ್ತರಗಳ ಮೇಲೆ, ಖಜಾನೆಗಳ ಮೇಲೆ ಬಿದ್ದಿತು. ಈಗ ಖಾನಾಪುರ ತಾಲೂಕಿನಲ್ಲಿರುವ ಬೀಡಿಯ ಕಚೇರಿಯನ್ನು ಸುಟ್ಟಿತು. ಕರವು ಎಲ್ಲಿ ಬರೆಯಲ್ಪಡುತ್ತದೆ, ಬರಹವು ಎಲ್ಲಿರುತ್ತದೆ, ಹಣವು ಯಾವ ದಾರಿಯಿಂದ ಹೋಗುತ್ತದೆ ಎಂಬುದನ್ನು ಚೆನ್ನಾಗಿ ಬಲ್ಲವರು ಯಾರೆಂದರೆ ಅದನ್ನು ಕಾಯಲು ನೇಮಿಸಲ್ಪಟ್ಟಿದ್ದವರೇ. ಕಾವಲಿನ ಪಾಠವನ್ನೇ ತಲೆಕೆಳಗಾಗಿ ಓದಿದಂತಾಯಿತು. ವಿದ್ಯುಚ್ಚೋರನೂ ಯಮದಂಡನೂ ಇಲ್ಲಿ ಒಬ್ಬನೇ ಮನುಷ್ಯನಲ್ಲಿ ಸೇರಿದರೆನ್ನೋಣವೆಂದರೆ, ಆ ಉಪಮೆಯು ರಾಯಣ್ಣನಿಗೆ ನ್ಯಾಯವಾಗಲಾರದು. ಅವನು ಹೋರಾಡಿದುದು ದತ್ತಕ ಪುತ್ರನನ್ನು ಕಿತ್ತೂರಿನ ಗಾದಿಯ ಮೇಲೆ ಕೂಡ್ರಿಸುವುದಕ್ಕಾಗಿಯೇ ಹೊರತು ತನಗಾಗಿ ಅಲ್ಲ.

ಸರಕಾರದ ದಂಡು ಅವನನ್ನು ಯುದ್ಧದಲ್ಲಿ ಹಿಡಿಯಲಾರದೆ ಹೋಯಿತು. ಹಿಡಿದವರು ಇದೇ ಸೀಮೆಯವರು. ಸ್ನಾನಕ್ಕಿಳಿದು ನಿರಾಯುಧನಾಗಿದ್ದಾಗ ನಂಬಿದವರೇ ಹಿಡಿದುಕೊಟ್ಟರೆಂದು ಜನಶ್ರುತಿಯಿದೆ. ಸ್ಥಳಜ್ಞಾನವನ್ನು ಸ್ಥಳಜ್ಞಾನದಿಂದಲೇ ಗೆಲ್ಲಬೇಕಾಯಿತು ಎಂಬುದು ಇದರ ತಾತ್ಪರ್ಯ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಅವನ ಸಮಾಧಿಯ ಮೇಲಿನ ಆಲದ ಮರಕ್ಕೆ ಜನರು ಇಂದಿಗೂ ನಡೆದುಕೊಳ್ಳುತ್ತಾರೆ.

ಮುಂದಿನ ಮುಕ್ಕಾಲು ಶತಮಾನದ ಸಂಗತಿಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1867ರ ಮುಂಬಯಿ ಗ್ರಾಮಪೋಲೀಸ ಕಾಯಿದೆಯು ಊರಿನ ರಕ್ಷಣೆಯನ್ನು ಪೋಲೀಸ ಪಾಟೀಲನ ಕೈಕೆಳಗೆ ತಂದಿತು; 1874ರ ವತನು ಕಾಯಿದೆಯು ವಂಶಪರಂಪರೆಯ ಹುದ್ದೆಗಳಿಗೆ ಕಟ್ಟಳೆಗಳನ್ನು ಹಾಕಿತು. ತಳವಾರನು ಉಳಿದನು, ಆದರೆ ಅವನು ತಿಳಿದುಕೊಂಡದ್ದು ಪಾಟೀಲನ ಮೂಲಕ ಠಾಣೆಗೆ ವರದಿಯಾಗಿ ಹೋಗುವುದಷ್ಟೇ ಹೊರತು, ಠಾಣೆಯಿಂದ ಅವನ ಕಡೆಗೆ ಯಾವ ವಿದ್ಯೆಯೂ ಬರುತ್ತಿರಲಿಲ್ಲ. 1902–03ರಲ್ಲಿ ಸರ್ ಆಂಡ್ರೂ ಫ್ರೇಜರರ ಅಧ್ಯಕ್ಷತೆಯಲ್ಲಿ ಕುಳಿತ ಪೋಲೀಸ ಆಯೋಗವು ದೇಶದ ಪೋಲೀಸರ ಅಯೋಗ್ಯತೆಯನ್ನು ಕಠೋರವಾದ ಮಾತುಗಳಿಂದ ಬಣ್ಣಿಸಿ, ಪ್ರಾಂತಕ್ಕೊಂದರಂತೆ ಶಿಕ್ಷಣಶಾಲೆಗಳಾಗಬೇಕೆಂದು ಸೂಚಿಸಿತು. ಅದರ ಫಲವೇ ಭಾಂಬುರ್ಡೆಯ ಶಾಲೆ. 1909ರಲ್ಲಿ ಅದು ನಾಸಿಕಕ್ಕೆ ಹೋಯಿತು.

ಈ ಶಾಲೆಗಳಿಂದಾದ ಲಾಭವನ್ನು ಅಲ್ಲಗಳೆಯಲಾಗದು. ದಂಡಸಂಹಿತೆ, ಸಾಕ್ಷ್ಯ, ಪಂಚನಾಮೆ, ಬೆರಳ ಗುರುತು ಇವೆಲ್ಲ ಶಾಸ್ತ್ರಗಳಾಗಿ ಕಲಿಸಲ್ಪಟ್ಟವು. ಜಾತಿಯ ಹುದ್ದೆಯು ಹೋಗಿ ಆಯ್ಕೆಯ ಹುದ್ದೆಯು ಬಂದಿತು. ಆದರೆ ಎರಡು ಬದಲಾವಣೆಗಳು ಸದ್ದಿಲ್ಲದೆ ನಡೆದವು. ಶಿಕ್ಷಣವು ಊರನ್ನು ಬಿಟ್ಟು ನೂರಾರು ಮೈಲು ಆಚೆಯ, ಬೇರೆ ಭಾಷೆಯ ನಾಡಿಗೆ ಹೋಯಿತು. ಅಲ್ಲದೆ, ಜೀವಮಾನವೆಲ್ಲ ನಡೆಯುವುದಾಗಿದ್ದುದು ಸೇವೆಯ ಹೊಸ್ತಿಲಲ್ಲಿ ಒಮ್ಮೆ ಮುಗಿಯುವುದಾಯಿತು. ಉಪನಯನದಂತೆ ಒಮ್ಮೆ ಆದರೆ ಆಯಿತು. ಆಮೇಲಿನ ಸ್ವಾಧ್ಯಾಯವನ್ನು ಕೇಳುವವರಿಲ್ಲ. ತೈತ್ತಿರೀಯೋಪನಿಷತ್ತಿನಲ್ಲಿ ಸ್ವಾಧ್ಯಾಯವನ್ನು ಬಿಡಬಾರದೆಂಬ ಉಪದೇಶವು ಶಿಷ್ಯನು ಗುರುಕುಲವನ್ನು ಬಿಡುವ ಹೊತ್ತಿಗೆ ಬರುತ್ತದೆಂಬುದನ್ನು ಇಲ್ಲಿ ಸ್ಮರಿಸಬಹುದು. ಕಲಿಕೆಯ ನಿಜವಾದ ಅಪಾಯವು ಶಾಲೆಯಿಂದ ಹೊರಬಿದ್ದ ಮರುದಿನವೇ ಮೊದಲಾಗುತ್ತದೆಂದು ಆ ಋಷಿಗಳು ಬಲ್ಲರು.

1956ರ ನವೆಂಬರ 1ರಂದು ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಈ ಸೀಮೆಯ ಪೋಲೀಸರ ಶಿಕ್ಷಣವು ನಾಸಿಕದ ಕಡೆಯಿಂದ ಮುಖ ತಿರುಗಿಸಿ ಕನ್ನಡ ನಾಡಿನೊಳಗೆ ಬಂದಿತು. ಗ್ರಾಮಹುದ್ದೆಗಳ ರದ್ದತಿಯ 1961ರ ಕಾಯಿದೆಯು 1963ರಲ್ಲಿ ಜಾರಿಗೆ ಬರಲು, ವಂಶಪರಂಪರೆಯ ಊರ ಕಾವಲು ಕಾಯಿದೆಯ ಪ್ರಕಾರವೂ ಮುಗಿಯಿತು. ತಳವಾರ, ವಾಲೀಕಾರ ಎಂಬವು ಈಗ ಬಹುಮಟ್ಟಿಗೆ ಅಡ್ಡಹೆಸರುಗಳು. ಶಾಲೆಯ ಹಾಜರಿಪಟ್ಟಿಯಲ್ಲಿ ಅವು ದಿನಾಲೂ ಕೂಗಲ್ಪಡುತ್ತವೆ, ಕೂಗುವವರಿಗೂ ಓಗೊಡುವವರಿಗೂ ಅರ್ಥದ ನೆನಪಿಲ್ಲದೆ. ಅತ್ತ ದೇಶದ ಪೋಲೀಸ ಶಿಕ್ಷಣವನ್ನು ಪರಿಶೀಲಿಸಲು ಭಾರತ ಸರಕಾರವು 1971ರಲ್ಲಿ ಪ್ರೊ. ಎಂ. ಎಸ್. ಗೋರೆಯವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯು ಸೇವೆಯ ನಡುವಿನ ಶಿಕ್ಷಣದ ಅಗತ್ಯವನ್ನು ಒತ್ತಿ ಹೇಳಿತು. ಸೇವೆಯಲ್ಲಿರುವ ಕಾನ್‌ಸ್ಟೇಬಲನನ್ನು ಠಾಣೆಯಿಂದ ಬಿಡಿಸಿ ಶಾಲೆಗೆ ಕಳುಹಿಸಿದರೆ ಅವನ ಪಹರೆಯನ್ನು ಯಾರು ಮಾಡಬೇಕು ಎಂಬ ಪ್ರಶ್ನೆಯು ಮಾತ್ರ ಎಲ್ಲ ಸೂಚನೆಗಳ ಹಾದಿಯಲ್ಲಿಯೂ ಅಡ್ಡ ನಿಂತಿತು.

ಈ ಪ್ರಶ್ನೆಗೆ ಉತ್ತರವಾಗಿ ಬಂದುದೇ ದೂರಶಿಕ್ಷಣ. ಕನ್ನಡ ನಾಡಿಗೆ ಇದು ಅಪರಿಚಿತವಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿಯೇ ಅಂಚೆಯ ಮೂಲಕ ಪಾಠ ಹೇಳಲು ಮೊದಲುಮಾಡಿತ್ತು. 1996ರಲ್ಲಿ ಅದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. 2004ರಲ್ಲಿ ಎಡುಸ್ಯಾಟ ಉಪಗ್ರಹವು ಹಾರಿದಾಗ, ಅದರ ಮೊದಲ ಪ್ರಯೋಗಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಪಾಠಗಳೂ ಇದ್ದವು. ಆರಕ್ಷಕರ ಮಟ್ಟಿಗೆ ಹೇಳುವುದಾದರೆ, ಸೈಬರ ಅಪರಾಧಗಳ ಹಾವಳಿಯೇ ಮೊದಲ ಒತ್ತಾಯವಾಯಿತು. ಬೆಂಗಳೂರಿನಲ್ಲಿ 2019ರಲ್ಲಿ ಅಪರಾಧ ತನಿಖಾ ಇಲಾಖೆಯು ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಸೈಬರ ಅಪರಾಧಗಳ ತನಿಖೆಯ ಶಿಕ್ಷಣಕೇಂದ್ರವನ್ನು ತೆರೆಯಿತು. ಕೇಂದ್ರಸರಕಾರದ 'ಸೈಟ್ರೇನ್' ಎಂಬ ವ್ಯವಸ್ಥೆಯಲ್ಲಿ ಠಾಣೆಯಲ್ಲಿಯೇ ಕುಳಿತು ಪಾಠ ಕೇಳಿ ಪ್ರಮಾಣಪತ್ರ ಪಡೆಯಬಹುದಾಯಿತು. 2020ರಲ್ಲಿ ಸಮ್ಮತಿ ಪಡೆದ ಕರ್ಮಯೋಗಿ ಯೋಜನೆಯು ಈ ಕ್ರಮವನ್ನು ಸರಕಾರಿ ನೌಕರರೆಲ್ಲರಿಗೂ ವಿಸ್ತರಿಸಹೊರಟಿತು. ವಿದ್ಯುಚ್ಚೋರನು ಹೊಸ ಶಾಸ್ತ್ರವನ್ನು ಕಲಿತಾಗ ಯಮದಂಡನೂ ಪುನಃ ಪಾಠಕ್ಕೆ ಕೂಡ್ರಬೇಕಾಗುವುದು ಸಹಜವಾಗಿದೆ.

ಎರಡನೆಯ ಒತ್ತಾಯವು 2024ರ ಜುಲೈ 1ರಂದು ಬಂದಿತು. ಅಂದು 1860ರ ದಂಡಸಂಹಿತೆ, 1973ರ ದಂಡಪ್ರಕ್ರಿಯಾ ಸಂಹಿತೆ, 1872ರ ಸಾಕ್ಷ್ಯದ ಕಾಯಿದೆ ಇವು ಮೂರೂ ಹಿಂದೆ ಸರಿದು ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮಗಳು ಜಾರಿಗೆ ಬಂದವು. ಇಪ್ಪತ್ತು ವರ್ಷ ಸೇವೆ ಮಾಡಿದ ಹವಾಲ್ದಾರನಿಗೆ ಬಾಯಿಪಾಠವಾಗಿದ್ದ ಕಲಮುಗಳ ಸಂಖ್ಯೆಗಳೆಲ್ಲ ಒಂದೇ ರಾತ್ರಿಯಲ್ಲಿ ಬದಲಾದವು. ಕೊಲೆಯ 302ನೆಯ ಕಲಮು 103 ಆಯಿತು. ಸಂಖ್ಯೆಗಳ ಮಾತು ಹಾಗಿರಲಿ. ಕೆಲಸದ ರೀತಿಯೂ ಬದಲಾಯಿತು. ಝಡತಿ ಮತ್ತು ಜಪ್ತಿಯನ್ನು ಧ್ವನಿಚಿತ್ರವಾಗಿ ಮುದ್ರಿಸಬೇಕೆಂದು ಸುರಕ್ಷಾ ಸಂಹಿತೆಯ 105ನೆಯ ಕಲಮು ಹೇಳುತ್ತದೆ. ಏಳು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ನ್ಯಾಯವಿಜ್ಞಾನದ ತಜ್ಞನು ಸ್ಥಳಕ್ಕೆ ಬರಬೇಕೆಂದು 176ನೆಯ ಕಲಮು ವಿಧಿಸುತ್ತದೆ. ರಾಜ್ಯಗಳು ಇದಕ್ಕೆ ಸಿದ್ಧವಾಗಲು ಐದು ವರ್ಷಗಳ ಅವಧಿಯಿದೆ. ಇಷ್ಟನ್ನೂ ದೇಶದ ಸಮಸ್ತ ಪೋಲೀಸರಿಗೆ ಶಾಲೆಯ ಕೋಣೆಯಲ್ಲಿ ಕೂಡ್ರಿಸಿ ಕಲಿಸುವುದು ಅಸಾಧ್ಯವಾದುದರಿಂದ ಪಾಠವೇ ಠಾಣೆಗೆ ಹೋಗಬೇಕಾಯಿತು. ಹೊಸ ಕಾಯಿದೆಗಳ ಹೆಸರುಗಳು ಕನ್ನಡ ನಾಡಿನ ಪಾಠಶಾಲೆಗಳಲ್ಲಿ ಓದಿದವರಿಗೆ ಹಳೆಯ ಗೆಳೆಯರಂತೆ ಕಾಣುತ್ತವೆ. ಆದರೆ ಅವುಗಳನ್ನು ಜಾರಿಗೆ ತರುವವನು ಇನ್ನೂ 'ಕಾನ್‌ಸ್ಟೇಬಲ'ನೇ. ಲ್ಯಾಟಿನ ಮೂಲದಲ್ಲಿ ಆ ಶಬ್ದಕ್ಕೆ ಕುದುರೆಲಾಯದ ಅಧಿಕಾರಿ ಎಂದು ಅರ್ಥ.

ಈ ದೂರಶಿಕ್ಷಣದ ಯೋಗ್ಯತೆಯನ್ನು ಅಳೆಯುವಾಗ ಸಂಗೊಳ್ಳಿಯ ಗರಡಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದು ಉಚಿತ. ಒಂದು ದೃಷ್ಟಿಯಿಂದ ಇದು ಶೇತಸನದಿಯ ಪದ್ಧತಿಗೆ ನಾಸಿಕದ ಶಾಲೆಗಿಂತ ಹತ್ತಿರವಾಗಿದೆ. ಕಲಿಯುವವನು ತನ್ನ ಸ್ಥಳವನ್ನು ಬಿಡಬೇಕಾಗಿಲ್ಲ. ಕಲಿಕೆಯು ಒಮ್ಮೆಗೇ ಮುಗಿಯುವುದೂ ಇಲ್ಲ. ಇದು ಸಣ್ಣ ಲಾಭವಲ್ಲ. ಆದರೆ ಶೇತಸನದಿಯ ಗುರುವು ಅದೇ ಊರಲ್ಲಿದ್ದನು. ದೂರಪಾಠದ ಗುರುವಿಗೆ ಆ ಊರಿನ ಹೆಸರು ಸಹ ಗೊತ್ತಿಲ್ಲ. ಧ್ವನಿಚಿತ್ರವನ್ನು ಹೇಗೆ ಮುದ್ರಿಸಿ ಮುಚ್ಚಿಡಬೇಕೆಂದು ಅವನು ಸೊಗಸಾಗಿ ಹೇಳಬಲ್ಲನು; ಬೇಸಗೆಯಲ್ಲಿ ಕಾಲುವೆಯ ಕೊನೆಯ ಹೊಲಕ್ಕೆ ನೀರು ಬರದಾಗ ಯಾವ ಎರಡು ಮನೆತನಗಳ ನಡುವೆ ಕೊಡಲಿ ಏಳುತ್ತದೆಂಬುದನ್ನು ಹೇಳಲಾರನು. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬರುವ ಲಕ್ಷೋಪಲಕ್ಷ ಜನರ ನಡುವೆ ಬಂದೋಬಸ್ತಿಗಾಗಿ ನಿಲ್ಲುವವನಿಗೆ ನೂಕುನುಗ್ಗಲಿನ ಶಾಸ್ತ್ರವನ್ನು ದೂರದಿಂದ ಕಲಿಸಬಹುದು. ಯಾವ ಮೆಟ್ಟಿಲ ತಿರುವಿನಲ್ಲಿ ನೂಕು ಹುಟ್ಟುತ್ತದೆಂಬುದನ್ನು ಮಾತ್ರ ಹಿಂದಿನ ವರ್ಷ ಅಲ್ಲಿ ನಿಂತವನೇ ಹೇಳಬೇಕು. ಹಿಂದಿನ ವರ್ಷ ನಿಂತವನು ಈ ವರ್ಷ ವರ್ಗವಾಗಿ ಬೇರೆ ಜಿಲ್ಲೆಯಲ್ಲಿರಬಹುದು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗಿದೆ. ಸ್ಥಳಜ್ಞಾನವು ಪಕ್ಷಪಾತಕ್ಕೆ ಎಡೆಗೊಡುವುದರಿಂದಲೇ ಆರಕ್ಷಕರನ್ನು ವರ್ಗಮಾಡುತ್ತಾರೆ; ಊರಿನವನೇ ಊರನ್ನು ಕಾಯ್ದರೆ ಊರಿನ ಅನ್ಯಾಯವನ್ನೂ ಕಾಯುತ್ತಾನೆ ಎಂದು ಹೇಳಬಹುದು. ಈ ಆಕ್ಷೇಪವು ಬಲವಾದುದು. ಶೇತಸನದಿಯ ಪದ್ಧತಿಯ ದೋಷವನ್ನು ಮೇಲೆ ಒಪ್ಪಿಕೊಂಡದ್ದೂ ಇದಕ್ಕಾಗಿಯೇ. ಆದರೆ ಮನುಷ್ಯನನ್ನು ವರ್ಗಮಾಡುವುದು ಬೇರೆ, ಅವನ ತಿಳಿವಳಿಕೆಯನ್ನೂ ಅವನೊಡನೆ ಕಳುಹಿಸಿಬಿಡುವುದು ಬೇರೆ. ಮನುಷ್ಯನು ಹೋದರೂ ತಿಳಿವಳಿಕೆಯು ಠಾಣೆಯಲ್ಲಿ ಉಳಿಯುವಂತೆ ಮುಂಬಯಿ ಇಲಾಖೆಯ ಕಾಲದಲ್ಲಿ ಒಂದು ಉಪಾಯವಿದ್ದಿತು. ಪ್ರತಿಯೊಂದು ಠಾಣೆಯಲ್ಲಿ ಊರಿಗೊಂದರಂತೆ ಗ್ರಾಮಾಪರಾಧ ಪುಸ್ತಕವನ್ನು ಇಡುತ್ತಿದ್ದರು. ಊರಿನ ಹಳೆಯ ವೈರಗಳು, ಕಳವಿನ ರೀತಿ, ಅಲ್ಲಿ ನಡೆದ ಅಪರಾಧಗಳು ಇವೆಲ್ಲ ಅದರಲ್ಲಿ ವರ್ಷದಿಂದ ವರ್ಷಕ್ಕೆ ಕೈಬರಹದಲ್ಲಿ ಸೇರುತ್ತ ಹೋಗುತ್ತಿದ್ದವು. ಹೊಸದಾಗಿ ಬಂದ ಫೌಜದಾರನಿಗೆ ಅದೇ ಆ ಊರಿನ ಪಠ್ಯ. ತಳವಾರನು ತಂದೆಯಿಂದ ಕಲಿತುದು ಹೀಗೆ ಮೊದಲ ಸಲ ಅಕ್ಷರಕ್ಕೆ ಇಳಿದು, ಯಾವ ಜಾತಿಯವನಾದರೂ ಓದಬಹುದಾದುದಾಯಿತು. ದೂರಶಿಕ್ಷಣದ ಪಾಠಗಳನ್ನು ರಚಿಸುವವರು ಇಂಥ ಪುಸ್ತಕಗಳನ್ನು ಮುಂದಿಟ್ಟುಕೊಂಡರೆ, ದಿಲ್ಲಿಯಿಂದಲೋ ಬೆಂಗಳೂರಿನಿಂದಲೋ ಬರುವ ಪಾಠದೊಳಗೆ ಬೈಲಹೊಂಗಲದ ಠಾಣೆಗೆ ಬೈಲಹೊಂಗಲದ ಒಂದು ಅಧ್ಯಾಯವು ಸೇರುವುದು ಯಂತ್ರಗಳ ಈ ಕಾಲದಲ್ಲಿ ಕಷ್ಟವೇನಲ್ಲ.

ಬೆಳಗಾವಿ ಜಿಲ್ಲೆಯಲ್ಲಿ ಪೋಲೀಸ ಶಿಕ್ಷಣಶಾಲೆಯು ಈಗ ಖಾನಾಪುರದಲ್ಲಿದೆ. ಬೀಡಿಯೂ ನಂದಗಡವೂ ಅದೇ ತಾಲೂಕಿನವು. ಹೊಸದಾಗಿ ಸೇರಿದ ಯುವಕರು ಅಲ್ಲಿ ಬೆಳಗ್ಗೆ ಕವಾಯತು ಮಾಡಿ, ಮಧ್ಯಾಹ್ನ ಹೊಸ ಸಂಹಿತೆಗಳ ಕಲಮುಗಳನ್ನು ಓದುತ್ತಾರೆ. ಅವರಲ್ಲಿ ಹಾಜರಿ ಕೂಗುವಾಗ ತಳವಾರ ಎಂಬ ಅಡ್ಡಹೆಸರಿಗೆ ಓಗೊಡುವವರೂ ಇಲ್ಲದಿರಲಾರರು.